ತೆಕ್ಲಾ ನೂರ್ಲಿನ್ ಬರೆದ ಉಡುಗೊರೆ ಪದ್ಯಗಳು

ತೆಕ್ಲಾ ನೂರ್ಲಿನ್ ಕೈಯಲ್ಲಿ ಪದ್ಯ ಬರೆಸಿಕೊಳ್ಳಬೇಕಾದರೆ ಮೂರು ಪ್ರಶ್ನೆಗೆ ಉತ್ತರ ಕೊಡಬೇಕಿತ್ತು. ಯಾರು ಕೊಡ್ತಿರೋದು? ಯಾರಿಗೆ? ಇದರಲ್ಲಿ ನಿನ್ನ ಕೈ ಏನು ಕೆಲಸ ಮಾಡಿದೆ? ಮೊದಲೆರಡಕ್ಕೆ ಯಾರೂ ತಡವರಿಸುತ್ತಿರಲಿಲ್ಲ. ಮೂರನೆಯದು ಕೇಳಿದ ಕೂಡಲೇ ಎಷ್ಟೋ ಗಂಡಸರು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತುಬಿಡುತ್ತಿದ್ದರು.

ಬ್ಯೋರ್ಕ್‌ನೆಸ್ ಎಂಬ ಆ ಊರಿಗೆ ನದಿ, ಮರ ಕೊಯ್ಯುವ ಕಾರ್ಖಾನೆ, ಶಾಲೆ, ಚರ್ಚು ಇವಿಷ್ಟೇ ಆಸ್ತಿ. ಅಲ್ಲಿ ಪದ್ಯವಿಲ್ಲದೆ ಕೊಟ್ಟ ಕ್ರಿಸ್‌ಮಸ್ ಉಡುಗೊರೆ ಉಪ್ಪಿಲ್ಲದ ಅಡುಗೆಯಂತೆ. ಎರಡು ಸಾಲಾದರೆ ಸಾಕು. ಆದರೆ ಪ್ರಾಸ ಕೂಡಬೇಕು, ಒಳಗೇನಿದೆ ಎಂದು ಸುಳಿವು ಕೊಡಬೇಕು, ಹೆಸರು ಮಾತ್ರ ಹೇಳಬಾರದು. ಪಡೆದವರು ಅದನ್ನು ಗಟ್ಟಿಯಾಗಿ ಓದಿ, ಊಹೆ ಮಾಡಿ, ಆಮೇಲೆ ಕಾಗದದ ಮೇಲಿನ ಅರಗಿನ ಮುದ್ರೆ ಒಡೆಯಬೇಕು. ತೆಕ್ಲಾ ಶಾಲೆಯ ಅಡುಗೆಯವಳು. ನೂರಿಪ್ಪತ್ತು ಮಕ್ಕಳಿಗೆ ದಿನಾ ಬೇಯಿಸಿ ಹಾಕಿ ಮನೆಗೆ ಬಂದಮೇಲೆ, ಡಿಸೆಂಬರ್ ಹದಿಮೂರರ ಲೂಸಿಯಾ ಹಬ್ಬದಿಂದ ಹಿಡಿದು ಕ್ರಿಸ್‌ಮಸ್‌ವರೆಗೆ ಅವಳ ಅಡುಗೆಮನೆಯ ಬೆಂಚು ಖಾಲಿ ಇರುತ್ತಿರಲಿಲ್ಲ. ಮಗನಿಗೆಂದು ತಾಯಿಯೊಬ್ಬಳು ಬೆರಳು ಬಿಡಿಬಿಡಿಯಾಗಿರದ ಉಣ್ಣೆಯ ಕೈಗವಸು ಹೆಣೆದು ತಂದರೆ ಇವಳು ಆಲೂಗಡ್ಡೆ ಸುಲಿಯುತ್ತಲೇ ಹೇಳುವಳು:

ನಾಲ್ವರು ತಮ್ಮಂದಿರಿಗೆ ಒಂದೇ ಗೂಡು,
ದಪ್ಪಣ್ಣ ಬೇರೆ ಹೋದ, ಪಕ್ಕದಲ್ಲಿ ನೋಡು.

ಈ ವಿದ್ಯೆಯನ್ನು ಅವಳಿಗೆ ಯಾರೂ ಕಲಿಸಿದ್ದಲ್ಲ. ಕ್ಷಯದಿಂದ ತಾಯಿ ತೀರಿಕೊಂಡಾಗ ತೆಕ್ಲಾಳಿಗೆ ಹದಿಮೂರು. ಓಸ್ಲುಂಡ್ ಎಂಬ ದೊಡ್ಡ ರೈತನ ಮನೆಗೆ ಆಳಾಗಿ ಸೇರಿದಳು. ಒಡತಿ ಅಮಾಂಡಾ ಕೆಟ್ಟವಳೇನಲ್ಲ, ನಾಲಿಗೆ ಮಾತ್ರ ಚೂರಿ. ಹಾಲು ಚೆಲ್ಲಿದರೂ ಬೈಗುಳ, ಚೆಲ್ಲದಿದ್ದರೂ ಬೈಗುಳ. ಮೊದಲ ಕ್ರಿಸ್‌ಮಸ್‌ಗೆ ತೆಕ್ಲಾ ತಾಯಿಯ ಹಳೆಯ ಕುಪ್ಪಸದ ತೋಳು ಕತ್ತರಿಸಿ, ಒಳಗೆ ಉಣ್ಣೆ ತುಂಬಿ, ಸೂಜಿ ಚುಚ್ಚಿಡುವ ಪುಟ್ಟ ದಿಂಬು ಹೊಲಿದಳು. ಮೇಲೊಂದು ಚೀಟಿ. ಹಬ್ಬದ ಸಂಜೆ ಇಡೀ ಮನೆ ಸುತ್ತ ಕೂತಿರುವಾಗ ಒಡತಿ ಕನ್ನಡಕ ಏರಿಸಿ ಓದಿದಳು:

ಚುಚ್ಚಿದರೂ ಅಳೋದಿಲ್ಲ, ಬೈದರೂ ಮಾತಿಲ್ಲ,
ಮನೆಯಾಳು ಅಂದುಕೊಂಡ್ರಾ? ಇದಕ್ಕೆ ಊಟವೂ ಬೇಕಿಲ್ಲ.

ತೆಕ್ಲಾಳ ಕಿವಿ ಕಾದ ಕಬ್ಬಿಣವಾಯಿತು. ನಾಳೆ ಗಂಟುಮೂಟೆ ಕಟ್ಟುವುದೇ ಎಂದುಕೊಂಡಳು. ಅಷ್ಟರಲ್ಲಿ ಮೂಲೆಯಲ್ಲಿದ್ದ ಓಸ್ಲುಂಡ್ ಯಜಮಾನ ಕೆಮ್ಮಿದ. ಕೆಮ್ಮು ನಗುವಾಯಿತು, ನಗು ನಿಲ್ಲಲಿಲ್ಲ.

"ನಗ್ತೀರಲ್ಲ, ನಗಿ," ಎಂದಳು ಅಮಾಂಡಾ. ದಿಂಬನ್ನು ತಿರುಗಿಸಿ ಹೊಲಿಗೆ ನೋಡಿದಳು. "ಈ ಬಟ್ಟೆ ಎಲ್ಲಿಂದ ತಂದೆ ಹುಡುಗಿ?"

"ಅಮ್ಮನ ಕುಪ್ಪಸದ್ದು."

ಒಡತಿ ದಿಂಬನ್ನು ತನ್ನ ಹೊಲಿಗೆಯ ಬುಟ್ಟಿಯಲ್ಲಿಟ್ಟಳು. ಬೈಗುಳ ಪೂರ್ತಿ ನಿಂತಿತು ಎಂದರೆ ಸುಳ್ಳಾದೀತು. ಆದರೆ ಬೈಯಲು ಬಾಯಿ ತೆರೆದಾಗಲೆಲ್ಲ ಅವಳ ಕಣ್ಣು ಒಮ್ಮೆ ಹೊಲಿಗೆಯ ಬುಟ್ಟಿಯ ಕಡೆ ಹೋಗುತ್ತಿತ್ತು, ಅರ್ಧ ಮಾತು ಅಲ್ಲೇ ಉಳಿಯುತ್ತಿತ್ತು. ಎದುರಿಗೆ ನಿಂತು ಆಡಲಾಗದ ಮಾತನ್ನು ನಗಿಸಿ ಆಡಬಹುದೆಂಬುದು ತೆಕ್ಲಾಳಿಗೆ ಅಂದು ಗೊತ್ತಾಯಿತು.

ಇಪ್ಪತ್ತಮೂರಕ್ಕೆ ಅವಳು ಕಾರ್ಖಾನೆಯ ಎವಾಲ್ಡ್ ನೂರ್ಲಿನ್‌ನನ್ನು ಮದುವೆಯಾದಳು. ಮಗಳು ಗುನ್ವೋರ್ ಹುಟ್ಟಿದಳು. ಆ ಮನೆಯಲ್ಲಿ ಒಂದೇ ಕಟ್ಟಳೆ: ಕ್ರಿಸ್‌ಮಸ್‌ಗೆ ಕೊಡುವುದೆಲ್ಲ ಸ್ವಂತ ಕೈಯದಾಗಿರಬೇಕು. ನವೆಂಬರ್ ಕೊನೆಯಲ್ಲಿ ಮೂವರೂ ಒಲೆಯ ಪಕ್ಕ ಕೂತು, ಬತ್ತಿಯನ್ನು ಕರಗಿದ ಮೇಣದಲ್ಲಿ ಅದ್ದಿ, ಆರಿಸಿ, ಮತ್ತೆ ಅದ್ದಿ, ಮೂರು ಕವಲಿನ ದೀಪ ಮಾಡುವರು. ಹಬ್ಬದ ಸಂಜೆ ಎವಾಲ್ಡ್ ಲೂಕನ ಸುವಾರ್ತೆಯಿಂದ ಯೇಸುವಿನ ಜನನದ ಭಾಗ ಓದುವಾಗ ಉರಿಯುತ್ತಿದ್ದುದು ಆ ದೀಪವೇ. ಎವಾಲ್ಡ್‌ಗೆ ಬರುತ್ತಿದ್ದುದು ಒಂದೇ ಕೆಲಸ, ಜುನಿಪರ್ ಮರದಲ್ಲಿ ಬೆಣ್ಣೆ ಸವರುವ ಚಾಕು ಕೆತ್ತುವುದು. ವರ್ಷಕ್ಕೊಂದು ಚಾಕು ತಪ್ಪದೆ ಬರುತ್ತಿತ್ತು. ಅದಕ್ಕೆ ಪದ್ಯವನ್ನೂ ಹೆಂಡತಿಯಿಂದಲೇ ಹೇಳಿಸಿಕೊಳ್ಳುವನು.

"ನಂಗೇ ಕೊಡೋ ಉಡುಗೊರೆಗೆ ನಾನೇ ಪದ್ಯ ಬರೀಬೇಕಾ?"

"ಏನಿದೆ ಅಂತ ನಿಂಗೆ ಗೊತ್ತೇ ಇದೆಯಲ್ಲ. ಸುಲಭ."

ಯಾರನ್ನೂ ಕುಯ್ಯದ ಬಡಪಾಯಿ ಕತ್ತಿ,
ದಿನಾ ಬೆಳಗ್ಗೆ ಜಾರುತ್ತೆ ರೊಟ್ಟಿ ಹತ್ತಿ.

ಹೀಗೆ ಎಷ್ಟು ಚಾಕುಗಳೋ ಅಷ್ಟೇ ಪದ್ಯಗಳಾದವು, ಒಂದರಂತೆ ಇನ್ನೊಂದಿರಲಿಲ್ಲ.

ಕೈಕೆಲಸದ ಈ ಹಟ ಊರಿನವರಿಗೆಲ್ಲ ಹಿಡಿಸುತ್ತಿತ್ತೆಂದಲ್ಲ. ಒಂದು ವರ್ಷ ಕಾರ್ಖಾನೆಯ ಮೇಸ್ತ್ರಿ ಸಿಕ್ಸ್ಟೆನ್ ವಿಕ್ಲುಂಡ್ ಬಂದ. ಪಟ್ಟಣದಿಂದ ಹೆಂಡತಿಗೆ ಬೆಳ್ಳಿಯ ಎದೆಪಿನ್ನು ತಂದಿದ್ದ.

"ಇದರಲ್ಲಿ ನಿಮ್ಮ ಕೈ ಏನು ಮಾಡಿದೆ ಮೇಸ್ತ್ರಿಗಳೇ?"

"ಜೇಬಿಂದ ದುಡ್ಡಿನ ಚೀಲ ತೆಗೀತು. ಸಾಲ್ದಾ?"

"ಸಾಲ್ದು."

"ತೆಕ್ಲಕ್ಕ, ನಾನು ಅರವತ್ತು ಜನರ ಮೇಲೆ ಮೇಸ್ತ್ರಿ. ಕೆತ್ಕೊಂಡು ಕೂರೋಕೆ ಪುರುಸೊತ್ತೆಲ್ಲಿದೆ? ಕೊಂಡು ತಂದ್ರೆ ಪಾಪನಾ?"

"ಪಾಪ ಅಂತ ಯಾರಂದ್ರು? ಅಂಗಡಿಯವ್ನ ಸಾಮಾನಿಗೆ ಅಂಗಡಿಯವ್ನೇ ಪದ್ಯ ಬರೀಲಿ. ದೇವ್ರು ನಮಗೆ ಕೊಟ್ಟಿದ್ದು ತನ್ನ ಸ್ವಂತ ಮಗನ್ನ. ಅವನನ್ನೂ ಹುಲ್ಲಿನ ಮೇಲೆ ಮಲಗಿಸಿ ಕೊಟ್ಟ, ರೇಷ್ಮೆ ಡಬ್ಬೀಲಿಟ್ಟಲ್ಲ."

ವಿಕ್ಲುಂಡ್ ಬಾಗಿಲು ಬಡಿದು ಹೋದ. ಐದನೆಯ ದಿನ ತಿರುಗಿ ಬಂದ, ಎರಡು ಬೆರಳಿಗೆ ಬಟ್ಟೆ ಸುತ್ತಿಕೊಂಡು. ಪಿನ್ನಿಡಲೆಂದು ಮಾಡಿದ ಬರ್ಚ್ ಮರದ ಒಂದು ಡಬ್ಬಿಯನ್ನು ಮೇಜಿನ ಮೇಲಿಟ್ಟ. ಜೀವಮಾನವೆಲ್ಲ ಮರದ ನಡುವೆ ಬದುಕಿದವನು ಮಾಡಿದ ಡಬ್ಬಿ ಅದೆಂದರೆ ಯಾರೂ ನಂಬರು. ತೆಕ್ಲಾ ನಗಲಿಲ್ಲ. ಪೆನ್ಸಿಲು ತೆಗೆದುಕೊಂಡಳು:

ಮುಚ್ಚಳ ವಾರೆ, ಮೂಲೆ ಸೊಟ್ಟ, ಮಾಡಿದವನಂತೆ ಗಡುಸು,
ಒಳಗಿಣುಕಿ ನೋಡಿದರೆ ಸಿಕ್ಕೀತು ಮೆದು ಮನಸು.

"ಇಷ್ಟು ಬಿಚ್ಚಿ ಹೇಳ್ಬೇಕಾ?" ಎಂದು ಮೇಸ್ತ್ರಿ ಗೊಣಗಿದ. ಆದರೂ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಎದೆಯ ಜೇಬಿಗೆ ಹಾಕಿಕೊಂಡ. ಅವನ ಹೆಂಡತಿ ಪಿನ್ನನ್ನು ಭಾನುವಾರಕ್ಕೊಮ್ಮೆ ಚುಚ್ಚಿಕೊಳ್ಳುತ್ತಿದ್ದಳು. ಡಬ್ಬಿಯನ್ನು ಮಾತ್ರ ಹೊರಕೋಣೆಯ ಕಿಟಕಿಯಲ್ಲಿ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಇಟ್ಟಿದ್ದಳು.

ತೆಕ್ಲಾಳಿಗೆ ಅರವತ್ತು ತುಂಬಿದ ವರ್ಷ, ಅಕ್ಟೋಬರಿನ ಒಂದು ಗುರುವಾರ, ಶಾಲೆಯಲ್ಲಿ ಬಟಾಣಿ ಸಾರು ಬಡಿಸುತ್ತಿದ್ದಾಗ ಅವಳ ಕೈಯಿಂದ ಸೌಟು ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದವಳು ಏಳಲಿಲ್ಲ. ಪಾರ್ಶ್ವವಾಯು. ಆರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ ಬಲಗೈ ಹೆಗಲಿಂದ ಜೋತು ಬಿದ್ದಿತ್ತು, ಬಲಗಾಲು ಎಳೆದು ಹಾಕಬೇಕಿತ್ತು. ಅದನ್ನಾದರೂ ಸಹಿಸಬಹುದಿತ್ತು. ಮಾತು ಹೋಗಿತ್ತು. ಎದುರಿನವರು ಆಡುವುದೆಲ್ಲ ಅವಳಿಗೆ ತಿಳಿಯುತ್ತಿತ್ತು. ತಾನು ಹೇಳಬೇಕಾದ್ದು ಬಾಯಿಯ ತನಕ ಬಂದು ಜಾರಿ ಹೋಗುತ್ತಿತ್ತು. ಉಳಿದಿದ್ದು "ಅಲ್ಲ" ಎಂಬ ಒಂದೇ ಪದ. ಹೌದೆನ್ನುವುದಕ್ಕೂ ಅದೇ, ನೀರು ಬೇಕೆನ್ನುವುದಕ್ಕೂ ಅದೇ.

ಅಭ್ಯಾಸಬಲದಿಂದ ಒಂದಿಬ್ಬರು ಗಂಟು ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದರು. ಬಂದಮೇಲೆ ನೆನಪಾಗಿ, ಆರೋಗ್ಯ ವಿಚಾರಿಸಿ, ಗಂಟನ್ನು ಬೆನ್ನ ಹಿಂದೆ ಹಿಡಿದೇ ವಾಪಸಾದರು. ಅವರು ಹೋದಮೇಲೆ ತೆಕ್ಲಾ ಗೋಡೆಯ ಕಡೆ ಮುಖ ಮಾಡಿ ಮಲಗುವಳು. ಎವಾಲ್ಡ್ ಮಂಚದ ಅಂಚಿಗೆ ಕೂತು, ಅವಳ ಕಾಲಿಗೆ ಹೊದಿಕೆ ಸರಿಮಾಡುತ್ತಿದ್ದ.

ಹಬ್ಬಕ್ಕೆ ಗುನ್ವೋರ್ ತನ್ನ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದಳು. ಸಂಜೆ ನಾಲ್ಕಕ್ಕೇ ಕತ್ತಲು. ಎವಾಲ್ಡ್ ಸುವಾರ್ತೆ ಓದಿದ. ಆಮೇಲೆ ಅಕ್ಕಿಯ ಹಾಲುಗಂಜಿ ಬಂತು. ಆ ಗಂಜಿ ಉಣ್ಣುವ ಮೊದಲು ಪ್ರತಿಯೊಬ್ಬರೂ ಒಂದು ಪ್ರಾಸ ಹೇಳಲೇಬೇಕೆಂಬುದು ಹಳೆಯ ವಾಡಿಕೆ. ಎವಾಲ್ಡ್ ಮೂವತ್ತೇಳು ವರ್ಷದಿಂದ ಹೇಳುತ್ತಿದ್ದುದನ್ನೇ ಹೇಳಿದ:

ಗಂಜಿ ಬಿಸಿ, ಹೊಟ್ಟೆ ಹಸಿ, ಇನ್ನೇನಿದೆ ಹೇಳಲಿ?
ಹೋದ ವರ್ಷ ಹೇಳಿದ್ದೇ ಈ ವರ್ಷವೂ ಇರಲಿ.

ಮಕ್ಕಳು ಹೇಳಿದರು, ಅಳಿಯ ಹೇಳಿದ, ಗುನ್ವೋರ್ ಹೇಳಿದಳು. ಮುಂದಿನ ಸರದಿ ತೆಕ್ಲಾಳದು. ಯಾರೂ ಅವಳ ಕಡೆ ನೋಡಲಿಲ್ಲ. ಗುನ್ವೋರ್ ಅವಸರದಿಂದ, "ಸರಿ, ಊಟ ಮಾಡೋಣ, ಆರಿಹೋಗುತ್ತೆ," ಎಂದು ಚಮಚ ಎತ್ತಿದಳು.

ಟಕ್, ಟಕ್, ಟಕ್. ತೆಕ್ಲಾ ಎಡಗೈಯಲ್ಲಿ ಚಮಚ ಹಿಡಿದು ಮೇಜು ಕುಟ್ಟುತ್ತಿದ್ದಳು.

"ಏನಮ್ಮಾ, ಏನು ಬೇಕು? ದಾಲ್ಚಿನ್ನಿನಾ?"

"ಅಲ್ಲ."

"ಹಾಲಾ?"

"ಅಲ್ಲ. ಅಲ್ಲ." ಮತ್ತೆ ಮೇಜು ಕುಟ್ಟಿದಳು.

"ಅವಳ ಸರದಿ ಕಣೇ," ಎಂದ ಎವಾಲ್ಡ್ ಮೆಲ್ಲಗೆ. "ಚಮಚ ಕೆಳಗಿಡಿ ಎಲ್ಲಾರೂ."

ಎಲ್ಲರೂ ಇಟ್ಟರು. ತೆಕ್ಲಾಳ ತುಟಿ ಅಲುಗಿತು, ನಿಂತಿತು. ಹಣೆಯ ನರ ಉಬ್ಬಿತು. ಗಂಜಿಯ ಮೇಲೆ ಕೆನೆ ಕಟ್ಟಿತು. ಚಿಕ್ಕ ಮೊಮ್ಮಗಳು ಚಡಪಡಿಸಿದಳು, ಅವಳಪ್ಪ ಅವಳ ಕೈ ಹಿಡಿದುಕೊಂಡ. ಕೊನೆಗೆ ಗಂಟಲ ಆಳದಿಂದ ಬಂತು:

"ಮಾತು... ಹೋಯ್ತು."

ಎರಡು ತಿಂಗಳಲ್ಲಿ ಅವಳಾಡಿದ ಮೊದಲ ಹೊಸ ಪದಗಳು. ಗುನ್ವೋರ್ ಕೈಯಿಂದ ಮುಖ ಮುಚ್ಚಿಕೊಂಡಳು. ತೆಕ್ಲಾ ಎಡಗೈಯ ತೋರುಬೆರಳೆತ್ತಿದಳು. ಇನ್ನೂ ಮುಗಿದಿಲ್ಲ, ತಡಿ, ಎನ್ನುವಂತೆ. ತನ್ನ ತಟ್ಟೆಯನ್ನು ನೋಡಿದಳು, ಮೇಜಿನ ಸುತ್ತ ಎಲ್ಲರ ತಟ್ಟೆಗಳನ್ನೂ ನೋಡಿದಳು.

"ಗಂಜಿ... ಆರಿಹೋಯ್ತು."

ಪ್ರಾಸ ಕೂಡಿದ್ದು ಹೊಳೆದು ಎವಾಲ್ಡ್ ನಕ್ಕ. ತೆಕ್ಲಾಳ ಬಾಯಿಯ ಎಡಗಡೆ ಮೇಲಕ್ಕೆ ಹೋಯಿತು, ಬಲಗಡೆ ಇದ್ದಲ್ಲೇ ಇತ್ತು, ಅವಳೂ ನಗುತ್ತಿದ್ದಳು. ತಣ್ಣಗಿನ ಗಂಜಿಯನ್ನು ಎಲ್ಲರೂ ತಟ್ಟೆ ಬಳಿದು ಉಂಡರು.

ಪ್ರಾಸದ ದಾರಿ ತೆರೆದಿದೆ ಎಂದು ಮೊದಲು ಗುರುತಿಸಿದವಳು ಗುನ್ವೋರ್. ಸುಮ್ಮನೆ ಕೇಳಿದರೆ ಅಮ್ಮನ ಬಾಯಿಂದ ಏನೂ ಬರದು. ಆದರೆ "ಬೆಣ್ಣೆ" ಎಂದು ಹೇಳಿ ಕಾದರೆ "ಉಣ್ಣೆ" ಎಂದು ಬರುತ್ತದೆ. ಹಬ್ಬ ಮುಗಿಸಿ ಹೊರಡುವಾಗ ಅವಳು ಆ ಕೆಲಸವನ್ನು ಅಪ್ಪನಿಗೆ ಒಪ್ಪಿಸಿದಳು. ಜೀವನಪೂರ್ತಿ ಒಂದೇ ಪದ್ಯದಲ್ಲಿ ಕಾಲ ಹಾಕಿದ್ದ ಎವಾಲ್ಡ್ ಈಗ ದಿನಾ ಊಟವಾದ ಮೇಲೆ ಹೆಂಡತಿಯ ಎದುರು ಕೂತು ಪದ ಎಸೆಯಬೇಕಾಯಿತು. ಒಮ್ಮೊಮ್ಮೆ ಅವಳಿಗಿಂತ ಅವನೇ ಹೆಚ್ಚು ಒದ್ದಾಡುವನು. ಆಗ ತೆಕ್ಲಾ ಹುಬ್ಬೇರಿಸಿ ಕಾಯುವಳು. ಈಸ್ಟರ್ ಹೊತ್ತಿಗೆ ಇನ್ನೂರರಷ್ಟು ಪದಗಳು ತಿರುಗಿ ಬಂದವು. ಬೇಸಿಗೆಯಲ್ಲಿ ಗಂಡನನ್ನು ಬೈಯುವಷ್ಟಾಯಿತು.

ಉದ್ದದ ಪದ್ಯ ಮಾತ್ರ ಮತ್ತೆ ಬರಲಿಲ್ಲ. ಅದನ್ನವಳು ಒಪ್ಪಿಕೊಂಡಳು. ಒಪ್ಪಿಕೊಳ್ಳುವುದಕ್ಕೆ ಮುಂಚೆ ಒಂದು ದಿನ ಪೆನ್ಸಿಲುಗಳನ್ನೆಲ್ಲ ಒಲೆಗೆ ಹಾಕಿದ್ದಳು, ಅದೂ ನಿಜ. ಮುಂದಿನ ಡಿಸೆಂಬರಿನಲ್ಲಿ ಊರವರು ತಾವೇ ಗೀಚಿದ ಪದ್ಯ ಹಿಡಿದು ಬಂದರು. ಅವಳು ಕೇಳಿಸಿಕೊಂಡು, ಸೊಟ್ಟಗಿದ್ದ ಒಂದು ಪದವನ್ನು ಬೆರಳಿಂದ ತಟ್ಟಿ ತೋರಿಸುವಳು. ಅವರು ಅಲ್ಲೇ ಬೆಂಚಿನ ಮೇಲೆ ಕೂತು ತಿದ್ದುವರು.

ಆಸ್ಪತ್ರೆಯಲ್ಲಿ ಮಾತು ಕಲಿಸುವಾಕೆ ಈ ಸಂಗತಿ ಕೇಳಿ ಅದೇ ಡಿಸೆಂಬರಿನಲ್ಲಿ ಒಬ್ಬರನ್ನು ಕಳಿಸಿದಳು. ರಾಗ್ನ್‌ವಾಲ್ಡ್ ಹೆದೀನ್, ನಿವೃತ್ತ ಸ್ಟೇಷನ್ ಮಾಸ್ಟರ್. ಅವರಿಗೂ ಬಲಭಾಗ ಬಿದ್ದಿತ್ತು. ಎರಡು ವರ್ಷದಿಂದ ತುಟಿ ಪಿಟಕ್ಕೆಂದಿರಲಿಲ್ಲ. ಮಂಗಳವಾರ, ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಬಂದು, ಕೋಟಿನ ಗುಂಡಿ ಸಹ ಬಿಚ್ಚದೆ ಕೂತು, ಮೂರೂವರೆಯ ಬಸ್ಸಿಗೆ ಹೊರಟುಬಿಡುವರು. ತೆಕ್ಲಾ ಪದ ಎಸೆದಳು, ಅವರು ಹಿಡಿಯಲಿಲ್ಲ. ಎರಡನೆಯ ಸಲ ಅವಳು ಪದ ಬಿಟ್ಟು ಹುಲ್ಲಿನ ಕಟ್ಟು ತಂದಿಟ್ಟಳು. ನೆನೆಸಿದ ಗೋಧಿಹುಲ್ಲಿನಿಂದ ಹಬ್ಬಕ್ಕೆ ತೂಗುಹಾಕುವ ನಕ್ಷತ್ರ ಕಟ್ಟುವುದಕ್ಕೆ ಎರಡು ಕೈ ಬೇಕು. ಇಬ್ಬರದೂ ಸೇರಿ ಎರಡು ಎಡಗೈ ಇದ್ದವು. ಹೆದೀನ್ ಕಡ್ಡಿಗಳನ್ನು ಅದುಮಿ ಹಿಡಿಯಬೇಕು, ತೆಕ್ಲಾ ಕೆಂಪು ದಾರ ಸುತ್ತಿ, ತುದಿಯನ್ನು ಹಲ್ಲಲ್ಲಿ ಕಚ್ಚಿ ಎಳೆಯಬೇಕು. ಮೊದಲನೆಯದು ನಕ್ಷತ್ರಕ್ಕಿಂತ ಪೊರಕೆಯನ್ನೇ ಹೆಚ್ಚು ಹೋಲುತ್ತಿತ್ತು.

ನಾಲ್ಕನೆಯ ಸಲ ಬಂದಾಗ, ಕಷ್ಟದ ಒಂದು ಗಂಟು ಬಿಗಿಯುವುದರಲ್ಲಿ ಇಬ್ಬರೂ ಮುಳುಗಿದ್ದರು. ಕಿಟಕಿಯಾಚೆ ದೀಪ ಹೊಳೆಯಿತು. ತೆಕ್ಲಾ ತಲೆಯೆತ್ತಿ ನೋಡಿ ಗಾಬರಿಯಾದಳು.

"ಬಸ್ಸು," ಎಂದಳು.

ಹೆದೀನ್ ಕೈಯಲ್ಲಿದ್ದ ಹುಲ್ಲನ್ನು ಬಿಡಲಿಲ್ಲ. ಬಸ್ಸಿನ ಹಿಂದಿನ ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು.

"ಮಿಸ್ಸು," ಎಂದರು.

ಒಳಗಿನಿಂದ ಎವಾಲ್ಡ್ ಓಡಿ ಬಂದ. ಯಾರು ಮಾತಾಡಿದ್ದು ಎಂದು ಅವನು ಕೇಳುವ ಮೊದಲೇ ತೆಕ್ಲಾ ಕಪಾಟಿನ ಕಡೆ ಕೈ ತೋರಿಸಿದಳು. ಅವನು ಮೂರನೆಯ ತಟ್ಟೆ ತಂದಿಟ್ಟ. ಆ ಸಂಜೆ ಸ್ಟೇಷನ್ ಮಾಸ್ಟರು ಕೋಟು ಬಿಚ್ಚಿ ಊಟಕ್ಕೆ ಕೂತರು.

ತೆಕ್ಲಾ ಇನ್ನೂ ಎಂಟು ವರ್ಷ ಬದುಕಿದಳು, ಅಷ್ಟೂ ವರ್ಷ ಹೆದೀನ್ ಬರುವುದನ್ನು ತಪ್ಪಿಸಲಿಲ್ಲ. ಶಾಲೆಗೆ ಹೊಸದಾಗಿ ಸೇರಿದ ಪ್ರತಿ ಮಗುವಿಗೂ ಕ್ರಿಸ್‌ಮಸ್‌ಗೆ ಅವರಿಬ್ಬರು ಕಟ್ಟಿದ ಒಂದು ಹುಲ್ಲಿನ ನಕ್ಷತ್ರ ಹೋಗುತ್ತಿತ್ತು, ಜೊತೆಗೊಂದು ಚೀಟಿ. ಚೀಟಿಯಲ್ಲಿ ಪ್ರಾಸ ಕೂಡಿದ ಎರಡೇ ಪದ, ಎಡಗೈಯ ಡೊಂಕು ಅಕ್ಷರದಲ್ಲಿ. ಒಂದು ಅವಳದು, ಒಂದು ಅವರದು.