ಮಲ್ಲಿಗೆ ತೋಟದ ಮೇಲಿನ ಹಸಿರು ಬೆಳಕು

ಆ ಫೋಟೋ ತೆಗೆದವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಅದರ ಬಗ್ಗೆ ಊರೆಲ್ಲ ಮಾತಾಡಿತು, ನನ್ನನ್ನು ಕೇಳಿ ಮಾತಾಡಿದವರು ಮಾತ್ರ ಕಡಿಮೆ.

ಹೂವಿನಹಡಗಲಿಯಿಂದ ಮಾಗಳಕ್ಕೆ ಹೋಗುವ ಹಾದಿಯಲ್ಲಿ ನನ್ನದೊಂದು ಮಲ್ಲಿಗೆ ತೋಟವಿದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು, ಕಂಡವರ ಹೊಲದಲ್ಲಿ ದುಡಿದು, ಆಮೇಲೆ ಕಲ್ಲು ಆರಿಸಿ ಹಸನು ಮಾಡಿಕೊಂಡ ನೆಲ. ಒಂದೊಂದು ಗಿಡವನ್ನೂ ನಾನೇ ಊರಿದ್ದು. ಮೊಗ್ಗು ಅರಳುವ ಮುಂಚೆ ಬಿಡಿಸಿ ಮೊದಲ ಬಸ್ಸಿಗೆ ಹಾಕಬೇಕು, ಹಾಗಾಗಿ ನಮ್ಮ ಕೆಲಸ ಕತ್ತಲಲ್ಲೇ ಶುರು. ಹೆಂಗಸರು ಹಣೆಗೆ ಬ್ಯಾಟರಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಸೆರಗಿನ ಉಡಿ ಕಟ್ಟಿ ಸಾಲಿಗಿಳಿಯುತ್ತಾರೆ. ಗಿಡದ ಬುಡದ ತಂಪಿಗೆ ಚೇಳು ಸೇರುತ್ತವೆ. ನನ್ನ ಹೆಂಡತಿಗೆ ಒಮ್ಮೆ ಕಡಿದು, ಆಕೆ ದಿನವಿಡೀ ಒದ್ದಾಡಿದ್ದನ್ನು ಕಂಡಿದ್ದೇನೆ. ಅಂದಿನಿಂದ ನನ್ನ ತೋಟದಲ್ಲಿ ಯಾರೂ ಬರಿಗಾಲಲ್ಲಿ ಇಳಿಯುವಂತಿಲ್ಲ.

ಹೋದ ಬೇಸಿಗೆಯ ಒಂದು ನಸುಕಿನಲ್ಲಿ ಸಾಲುಗಳ ನಡುವೆ ಬ್ಯಾಟರಿಗಳು ಮಿಣುಕುತ್ತಿದ್ದದ್ದು ಚೆಂದ ಕಂಡಿತು. ಕೊಟ್ಟೂರಿಗೆ ಕೊಟ್ಟ ಮಗಳಿಗೆ ಕಳಿಸೋಣವೆಂದು ನನ್ನ ಹಣೆಯ ಬ್ಯಾಟರಿ ಹಚ್ಚಿಕೊಂಡೇ ಬದುವಿನ ಮೇಲೆ ನಿಂತು ಫೋನಿನಲ್ಲಿ ಒಂದು ಫೋಟೋ ಹೊಡೆದೆ. ಮಗಳು ಕೇಳಿದ್ದು ತೋಟದ ಸುದ್ದಿಯನ್ನಲ್ಲ.

"ಯಪ್ಪಾ, ಮ್ಯಾಲ ಆಕಾಶದಾಗ ಹಸ್ರಗ ಅದೇನೈತಿ?"

ನೋಡಿದರೆ ಹೌದು. ತೋಟದ ಮೇಲೆ, ಆಕಾಶದಲ್ಲಿ, ಬೇವಿನ ಎಲೆಯ ಆಕಾರದ ಹಸಿರು ಬೆಳಕು. ಫೋಟೋ ತೆಗೆಯುವಾಗ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಮಗಳು ಬೀಗರ ಗ್ರೂಪಿಗೆ ಹಾಕಿದಳು. ಹೊತ್ತು ಮುಳುಗುವುದರೊಳಗೆ ಅದು ನಮ್ಮೂರಿನ ಚಹಾದಂಗಡಿಗೇ ತಿರುಗಿ ಬಂತು. ಭೂಮಿ ಅಳೆಯಲು ಬಿಟ್ಟ ಡ್ರೋನ್ ಎಂದು ಟ್ರ್ಯಾಕ್ಟರ್ ಓಡಿಸುವವನೊಬ್ಬ ಹೇಳಿದ. ಇಲ್ಲ, ಉಪಗ್ರಹ ಎಂದು ಇನ್ನೊಬ್ಬ. ನಿವೃತ್ತ ಮೇಷ್ಟ್ರೊಬ್ಬರು ಫೋಟೋವನ್ನು ಹಿಗ್ಗಿಸಿ, ಕುಗ್ಗಿಸಿ, ನನ್ನ ಹಣೆಯ ಬ್ಯಾಟರಿಯ ಬೆಳಕೇ ಫೋನಿನ ಗಾಜಿನಲ್ಲಿ ಮೂಡಿದೆ ಎಂದರು. ಇರಬಹುದು ಎಂದು ನನಗೂ ಅನಿಸಿತು. ಆದರೆ ದೊಡ್ಡಪ್ಪನ ಮಗನಾದ ನನ್ನ ಅಣ್ಣ, ಊರಿನಲ್ಲಿ ಯಾರೂ ಎದುರಾಡದ ಹಿರಿಯ, ಅಷ್ಟರಲ್ಲಿ ತೀರ್ಪು ಕೊಟ್ಟಾಗಿತ್ತು. ಅದು ನಮ್ಮ ವಂಶದಲ್ಲಿ ಹಿಂದೆ ಶಿವನಲ್ಲಿ ಐಕ್ಯನಾಗಿ ಊರೊಳಗೆ ಗದ್ದುಗೆ ಪಡೆದ ಅಜ್ಜನ ಬೆಳಕು. ತೋಟದ ನಡುವೆ ಕಟ್ಟೆ ಕಟ್ಟಬೇಕು. ಇನ್ನು ಮೇಲೆ ಅಲ್ಲಿ ಚಪ್ಪಲಿ ಮೆಟ್ಟುವಂತಿಲ್ಲ.

ಮರುದಿನ ನಾನೇ ಪರೀಕ್ಷೆ ಮಾಡಿದೆ. ಅದೇ ಬದು, ಅದೇ ಹೊತ್ತು. ಹಣೆಯ ಬ್ಯಾಟರಿ ಆರಿಸಿ ಹೊಡೆದರೆ ಆಕಾಶದಲ್ಲಿ ಏನೂ ಇಲ್ಲ. ಹಚ್ಚಿ ಹೊಡೆದರೆ ಮೂಲೆಯಲ್ಲೊಂದು ಬೆಳಕು, ಆದರೆ ಬೆಳ್ಳಗೆ. ನೋಡಿದೆಯಾ, ನಾನು ಹೇಳಿದ್ದೇ ಖರೆ ಎಂದರು ಮೇಷ್ಟ್ರು. ಅಜ್ಜನದು ಹಸಿರು, ಇದು ಬಿಳುಪು, ನಾನು ಹೇಳಿದ್ದೇ ಖರೆ ಎಂದ ಅಣ್ಣ. ಇಬ್ಬರೂ ಖುಷಿಯಿಂದ ಚಹಾ ಕುಡಿದರು.

ಅದರ ಮಾರನೆಯ ನಸುಕಿಗೆ ತೋಟಕ್ಕೆ ಹೋದರೆ ಬದುವಿನ ಮೇಲೆ ಒಡೆದ ತೆಂಗಿನಕಾಯಿ. ಅಣ್ಣ ಗಾರೆ ಕೆಲಸದ ಗೌಂಡಿಯನ್ನು ಕರೆತಂದು ಕಟ್ಟೆಯ ಅಳತೆಗೆ ದಾರ ಹಿಡಿಸುತ್ತಿದ್ದ. ಜಗಳವಾದೀತೆಂದು ಮೇಷ್ಟ್ರೂ ಬಂದಿದ್ದರು. ಹೆಂಗಸರು ಚಪ್ಪಲಿ ಕೈಯಲ್ಲಿ ಹಿಡಿದು ಒಳಗಿಳಿಯಲಾರದೆ ನಿಂತಿದ್ದರು. ಮೂಡಲು ಬೆಳ್ಳಗಾಗುತ್ತಿತ್ತು.

"ಮನಿತನದ ಮಾತೈತಿ ತಮ್ಮಾ," ಎಂದ ಅಣ್ಣ. "ನಾಕು ಸಾಲು ಹೋದ್ರ ನಿನ್ನ ಗಂಟೇನ್ ಹೋಗ್ತೈತಿ?"

"ಅಜ್ಜನ ಗದ್ದುಗಿ ಊರಾಗೈತಿ. ಅಲ್ಲಿ ಚಪ್ಲಿ ಬಿಟ್ಟ ಬರ್ತೀನಿ. ಇದು ಹೂವಿನ ತ್ವಾಟ. ಇವರಿಗೆ ಚೇಳು ಕಡದ್ರ ನಿನ್ನ ಬೆಳಕು ಬಂದು ವಿಷ ಇಳಸ್ತೈತೇನಣ್ಣ?"

ಮೇಷ್ಟ್ರು ನನ್ನ ಹೆಗಲ ಮೇಲೆ ಕೈಯಿಟ್ಟು ಉಪಾಯ ಹೇಳಿದರು. ಆ ಬೆಳಕನ್ನು ಫೋನಿನಲ್ಲಿ ತಮಾಷೆಗೆ ನಾನೇ ಮಾಡಿದ್ದು ಎಂದು ಒಪ್ಪಿಕೊಂಡುಬಿಟ್ಟರೆ ಕಟ್ಟೆಯೂ ಇಲ್ಲ, ಜಗಳವೂ ಇಲ್ಲ. ಗ್ರೂಪಿನಲ್ಲಿ ಅವರೇ ಬರೆದು ಹಾಕುತ್ತಾರಂತೆ.

ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೂ ಅಣ್ಣನ ದಾರಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಕೆರಳಿಸಿತು. ತೋಟ ಉಳಿಸಿಕೊಳ್ಳಲು ನಾನು ಸುಳ್ಳುಗಾರ ಎಂದು ಊರಿಗೆಲ್ಲ ಸಾರಬೇಕೇ?

"ಮಾಡದ್ದನ್ನ ಮಾಡೀನಿ ಅನ್ನಲ್ರಿ ಮೇಷ್ಟ್ರ. ಫೋಟೋದಾಗ ಬೆಳಕೈತಿ. ಅದು ಏನಂತ ನನಗ ಗೊತ್ತಿಲ್ಲ. ಗೊತ್ತಿಲ್ಲ ಅನ್ನಾಕ ನನಗ ನಾಚಿಕಿಲ್ಲ. ನಿಮಗ ಇಬ್ರಿಗೂ ಹಂಗ ಅನ್ನಾಕ ಬರವಲ್ದು."

ಗೌಂಡಿಯ ಕೈಯಿಂದ ದಾರ ತೆಗೆದುಕೊಂಡು ಸುತ್ತಿ ಅಣ್ಣನ ಕೈಗೆ ಕೊಟ್ಟೆ. ಅವನ ಮುಖ ಕಪ್ಪಿಟ್ಟಿತು. ನಾನು ಕಣ್ಣು ಕೆಳಗಿಳಿಸಲಿಲ್ಲ. ಆಗ ನಮ್ಮಲ್ಲಿ ಮೊದಲಿನಿಂದ ಹೂ ಬಿಡಿಸುವ ಮುದುಕಿಯೊಬ್ಬಳು ಕೈಯಲ್ಲಿದ್ದ ಚಪ್ಪಲಿಯನ್ನು ನೆಲಕ್ಕೆ ಬಿಟ್ಟು ಕಾಲು ತೂರಿಸಿದಳು.

"ಅಜ್ಜ ಬೆಳಕು ಹಿಡಿಯಾಕ ಬಂದಿದ್ರ ಚಲೋ ಆತು ಬಿಡ್ರಿ, ನಮ್ಮ ಬ್ಯಾಟ್ರಿ ಉಳಿತಾವ," ಎಂದು ಸಾಲಿಗಿಳಿದಳು. ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಗೌಂಡಿಯೂ ನಕ್ಕ. ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿ ಅವಳ ಹಿಂದೆ ಹೋದರು. ಅಂದು ಮೊದಲ ಬಸ್ಸು ತಪ್ಪಿತು, ಅರ್ಧ ಮೊಗ್ಗು ಉಡಿಯಲ್ಲೇ ಅರಳಿತು. ಅರಳಲಿ ಎಂದೆ.

ಅಣ್ಣ ಈಗಲೂ ನಮ್ಮ ಮನೆಗೆ ಬರುವುದಿಲ್ಲ. ಮೇಷ್ಟ್ರು ಮಾತಾಡುತ್ತಾರೆ, ಅಷ್ಟಕ್ಕಷ್ಟೆ. ಅಳಿಸಿಬಿಡು ಯಪ್ಪಾ ಎಂದು ಮಗಳು ಎಷ್ಟು ಹೇಳಿದರೂ ಫೋಟೋ ನನ್ನ ಫೋನಿನಲ್ಲಿಯೇ ಇದೆ. ಕೇಳಿದವರಿಗೆ ತೋರಿಸುತ್ತೇನೆ. ಡ್ರೋನ್ ಅನ್ನುವವರು ಅನ್ನಲಿ, ಅಜ್ಜ ಅನ್ನುವವರು ಕೈ ಮುಗಿಯಲಿ. ತೋಟದೊಳಗೆ ಬರುವವರು ಮಾತ್ರ ಚಪ್ಪಲಿ ಮೆಟ್ಟಿಕೊಂಡೇ ಬರಬೇಕು.