ಬಳೆ ಉಳಿಸಿದ್ದು ಯಾರು

ನಾನು ಓದಿದ್ದು ಏಳನೇ ಕ್ಲಾಸು. ಅದನ್ನು ಯಾರ ಮುಂದೂ ಮುಚ್ಚಿಟ್ಟವನಲ್ಲ. ಮದುವೆ ಮನೆಗಳಲ್ಲಿ ಲೈಟು ಹಿಡಿದು ಕೆಲಸ ಕಲಿತು, ನಂಜನಗೂಡಿನಲ್ಲಿ ಸ್ವಂತ ಸ್ಟುಡಿಯೋ ಇಟ್ಟವನು. ನನ್ನ ಜೊತೆಯಲ್ಲೇ ಲೈಟು ಹಿಡಿದ ಗೆಳೆಯ ಟಿ. ನರಸೀಪುರದಲ್ಲಿ ಸ್ಟುಡಿಯೋ ಮಾಡಿಕೊಂಡ. ಹಸಿರು ಪರದೆಯ ಕೆಲಸ ಬಂದರೆ ಇಬ್ಬರೂ ಹಂಚಿಕೊಳ್ಳುತ್ತಿದ್ದೆವು. ಪರದೆ ಕಟ್ಟಿ, ಶೂಟ್ ಮಾಡಿ, ಹಸಿರನ್ನು ತೆಗೆಯುವವನು ನಾನು. ಆ ಜಾಗದಲ್ಲಿ ಅರಮನೆಯನ್ನೋ ಹೂದೋಟವನ್ನೋ ಕೂರಿಸುವವನು ಅವನು.

ಅವನ ಎಡಿಟಿಂಗ್ ಸಾಫ್ಟ್‌ವೇರ್ ಬೇರೆ, ನನ್ನದು ಬೇರೆ. ನನ್ನ ಪ್ರಾಜೆಕ್ಟ್, ಅಂದರೆ ಎಡಿಟಿಂಗ್ ನಡೆಯುವ ಮೂಲ ಫೈಲು, ಅವನಲ್ಲಿ ತೆರೆಯುವುದಿಲ್ಲ. ಮೊದಮೊದಲು ವಿಡಿಯೋ ಮಾಡಿ ಮೊಬೈಲಿನಲ್ಲಿ ಕಳಿಸಿ ಕೆಟ್ಟೆ. ಹಸಿರು ತೆಗೆದ ಜಾಗವೆಲ್ಲ ಅಲ್ಲಿ ಕಪ್ಪಾಗಿ ಕೂತಿತ್ತು. ಆಮೇಲೆ ದಾರಿ ಕಂಡುಕೊಂಡೆ. ಹಿನ್ನೆಲೆ ಖಾಲಿಯಾಗಿಯೇ ಉಳಿಯುವಂಥ, ಇಬ್ಬರ ಸಾಫ್ಟ್‌ವೇರಿನಲ್ಲೂ ತೆರೆಯುವಂಥ ದೊಡ್ಡ ಫೈಲು ಮಾಡಿ, ಒಂದೊಂದಕ್ಕೂ ನಂಬರು ಹಾಕಿ, ಹಾರ್ಡ್ ಡಿಸ್ಕಿಗೆ ತುಂಬಿಕೊಂಡು ಬಸ್ಸು ಹತ್ತುತ್ತಿದ್ದೆ. ಫೈಲು ತೆರೆಯಲಿಲ್ಲವೆಂದು ಅವನು ಮತ್ತೆ ಫೋನ್ ಮಾಡಿದ್ದಿಲ್ಲ.

ತಾಂಡವಪುರದ ಒಂದು ಮನೆಯವರು ಮಗಳ ಸೀಮಂತಕ್ಕೆ ಹಾಡಿನ ವಿಡಿಯೋ ಬೇಕೆಂದರು. ಸೀರೆ ಯಾವ ಬಣ್ಣವೆಂದು ಮೊದಲೇ ಕೇಳಿದೆ. ಕೆಂಪು ಎಂದರು. ಸರಿ, ಹಸಿರು ಪರದೆ ಕಟ್ಟಿದೆ. ಬಳೆಯ ಯೋಚನೆಯೇ ಬರಲಿಲ್ಲ. ಹುಡುಗಿ ಶಾಸ್ತ್ರ ಮುಗಿಸಿ, ಮೊಣಕೈವರೆಗೆ ಹಸಿರು ಗಾಜಿನ ಬಳೆ ತೊಟ್ಟು ಬಂದು ಕೂತಳು. ಎಷ್ಟು ಲಕ್ಷಣವಾಗಿದ್ದಾಳೆ ಎಂದುಕೊಂಡೇ ಶೂಟ್ ಮಾಡಿದೆ. ಸ್ಟುಡಿಯೋಗೆ ಬಂದು ಹಸಿರು ತೆಗೆದರೆ ಬಳೆಗಳೂ ಹೋದವು. ಅಂಗೈ ಒಂದು ಕಡೆ, ತೋಳು ಒಂದು ಕಡೆ.

ನೀಲಿ ಪರದೆ ಕಟ್ಟಿ ಇನ್ನೊಂದು ಸಲ ಶೂಟ್ ಮಾಡೋಣ ಎಂದೆ. ಹುಡುಗಿಯ ತಾಯಿ ಫೋನಿನಲ್ಲೇ ರೇಗಿದರು: "ಎಂಥಾ ಮಾತು ಅಂತ ಆಡ್ತೀರಿ? ಸೀಮಂತುಕ್ಕೆ ಎಲ್ಡ್ ಸಲ ಕೂರುಸ್ತಾರಾ ಯಾರಾದ್ರೂ?"

ತಪ್ಪು ನನ್ನದು, ತಿದ್ದಬೇಕಾದವನೂ ನಾನೇ. ಒಂದು ಸೆಕೆಂಡಿಗೆ ಇಪ್ಪತ್ತೈದು ಚಿತ್ರ. ಕೈ ಕಾಣುವ ಪ್ರತಿ ಚಿತ್ರದಲ್ಲೂ ಬಳೆಯ ಸುತ್ತ ಮೌಸಿನಿಂದ ಗೆರೆ ಎಳೆದು ಅಷ್ಟನ್ನು ಉಳಿಸಿಕೊಂಡೆ. ಒಂಬತ್ತು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಗೆಳೆಯ ಫೈಲು ನೋಡಿ, "ಲೇ, ಬಳೆಗಾರ್ರ ಮನೇಲಿ ಉಟ್ಬೇಕಾಗಿತ್ತು ಕಣ್ಲಾ ನೀನು!" ಎಂದು ಬೆನ್ನು ತಟ್ಟಿದ. ತಡವಾಗಿದ್ದರಿಂದ, ಮುಗಿದ ವಿಡಿಯೋವನ್ನು ಅವನೇ ನೇರವಾಗಿ ಆ ಮನೆಗೆ ಕೊಟ್ಟು ಬಂದ.

ಕೆಲವು ವಾರಗಳ ಮೇಲೆ ಹುಡುಗಿಯ ತಂದೆ ಪೇಟೆಯಲ್ಲಿ ಸಿಕ್ಕರು. ಮೊಮ್ಮಗ ಹುಟ್ಟಿದ್ದ. ನಾಮಕರಣಕ್ಕೆ ಯಾವತ್ತು ಬರಲಿ ಎಂದೆ.

"ಬ್ಯಾಡ ಬುಡಪ್ಪಾ, ನರಸೀಪುರದೋರ್ಗೆ ಯೋಳಿದೀನಿ. ನೀನು ಬಳೆ ಎಲ್ಲಾ ಅಳ್ಸಾಕ್ಬುಟ್ಟಿದ್ದಂತೆ. ಪಾಪ, ಅವ್ರು ಒಂಬತ್ ದಿನ ಕುಂತು ಸರಿ ಮಾಡುದ್ರಂತೆ."

ಒಂಬತ್ತು ದಿನ! ಆ ಲೆಕ್ಕವನ್ನೂ ಗೆಳೆಯ ನನ್ನಿಂದಲೇ ಎತ್ತಿಕೊಂಡಿದ್ದ.

ಆವತ್ತೇ ನರಸೀಪುರದ ಬಸ್ಸು ಹತ್ತಿದೆ. "ಬಾರ್ಲಾ, ಕಾಫಿ ತರುಸ್ತೀನಿ" ಎಂದ.

"ಬಳೆ ಉಳ್ಸಿದ್ದು ಯಾರ್ಲಾ?"

ಅವನು ಕುರ್ಚಿ ಈಚೆಗೆ ತಿರುಗಿಸಲಿಲ್ಲ. "ಯಾಕ್ ತಡ ಆಯ್ತು ಅಂದ್ರು, ಏನೋ ಒಂದ್ ಯೋಳ್ದೆ. ಏಳ್ನೇ ಕ್ಲಾಸ್ ಓದಿರೋನು ಇಂಥಾ ಕೆಲ್ಸ ಮಾಡ್ದ ಅಂದ್ರೆ ಯಾರ್ಲಾ ನಂಬ್ತಾರೆ?"

ಅವನೇನು ದೊಡ್ಡ ವಿದ್ವಾಂಸನಲ್ಲ, ಪಿಯುಸಿ ಫೇಲು. ಕಾಫಿಗೆ ಕಾಯದೆ ಹೊರಟು ಬಂದೆ. ಇಷ್ಟು ವರ್ಷ ಅವನು ನನ್ನನ್ನು ನೋಡುತ್ತಿದ್ದದ್ದು ಹೀಗೆಯೇ ಏನೋ.

ಮಾರನೇ ದಿನ ಲ್ಯಾಪ್‌ಟಾಪ್ ತೆಗೆದುಕೊಂಡು ತಾಂಡವಪುರಕ್ಕೆ ಹೋದೆ. ಬೇಡುವುದಕ್ಕಲ್ಲ, ತೋರಿಸುವುದಕ್ಕೆ. ನಾನು ಎಳೆದ ಗೆರೆಗಳೆಲ್ಲ ಪ್ರಾಜೆಕ್ಟಿನಲ್ಲಿ ಹಾಗೇ ಇದ್ದವು. ಬಾಣಂತಿ ಮಗುವನ್ನು ಎತ್ತಿಕೊಂಡೇ ಬಂದು ಒಂದೊಂದು ಚಿತ್ರವನ್ನೂ ನೋಡಿದಳು. "ಅಪ್ಪಾ, ಇವ್ರೇ ಕಣಪ್ಪಾ ಮಾಡಿರೋದು!"

ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಇರ್ಬೋದು ಕಣವ್ವ. ಆದ್ರೆ ಅವ್ರಿಗೆ ಮಾತು ಕೊಟ್ಬುಟ್ಟಿದೀನಲ್ಲ."

ಸುಳ್ಳು ಹೇಳಿದವನಿಗೆ ಕೊಟ್ಟದ್ದೂ ಮಾತೇ. ಲ್ಯಾಪ್‌ಟಾಪ್ ಮುಚ್ಚಿ ಎದ್ದೆ.

ಹೊರಡುವಾಗ ಹುಡುಗಿ ಬಾಗಿಲವರೆಗೂ ಬಂದಳು. "ಅಣ್ಣಾ, ಆ ವಿಡಿಯೋದಲ್ಲಿ ನಿಮ್ ಹೆಸ್ರೂ ಆಕುಸ್ಕೊಡಿ. ನಾವು ಎಲ್ರಿಗೂ ತೋರುಸ್ತೀವಿ."

ಆಗಲಮ್ಮ ಎಂದೆ. ಆದರೆ ವಿಡಿಯೋದ ಕೊನೆಯಲ್ಲಿ ಅಚ್ಚಾಗಿದ್ದದ್ದು ಅವನ ಹೆಸರು. ಹಿನ್ನೆಲೆ ಕೂರಿಸಿ ಮುಗಿಸಿದ ಪ್ರಾಜೆಕ್ಟ್ ಇರುವುದು ಅವನ ಕಂಪ್ಯೂಟರಿನಲ್ಲಿ, ನನ್ನದರಲ್ಲಿ ತೆರೆಯುವುದಿಲ್ಲ. ನನ್ನ ಹೆಸರು ಹಾಕಿಸಬೇಕೆಂದರೆ ಅವನನ್ನೇ ಕೇಳಬೇಕು.

ಇವತ್ತಿಗೂ ಕೇಳಿಲ್ಲ.