ನನಗಿಂತ ಮೊದಲು ಬಂದವನು

ದೆವ್ವ ಕಂಡೆ, ಶಕುನ ಕೇಳಿದೆ ಎನ್ನುವವರ ಮಾತನ್ನು ನಾನು ಯಾವಾಗಲೂ ಸ್ವಲ್ಪ ಅಸಡ್ಡೆಯಿಂದಲೇ ಕೇಳಿದವನು. ಅವರು ಸುಳ್ಳರೆಂದಲ್ಲ. ಸರಿಯಾಗಿ ವಿಚಾರಿಸಿದ್ದರೆ ಏನಾದರೊಂದು ಕಾರಣ ಸಿಕ್ಕೇ ಸಿಗುತ್ತಿತ್ತು, ಅವರು ವಿಚಾರಿಸಲಿಲ್ಲ ಎಂಬುದು ನನ್ನ ವಾದ. ಎಂಜಿನಿಯರಿಂಗ್ ಓದಿದವನಿಗೆ ಅಷ್ಟಾದರೂ ಜಂಬ ಇರಬೇಡವೇ? ಆದರೆ ಈಗ ಹೇಳಹೊರಟಿರುವುದನ್ನು ನಾನೇ ಕೈಲಾದಷ್ಟು ವಿಚಾರಿಸಿ ನೋಡಿದ್ದೇನೆ. ಕಾರಣ ಸಿಕ್ಕಿಲ್ಲ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಮಲಯಾದಲ್ಲಿ, ಈಪೋ ಪಟ್ಟಣದ ಹೊರಗಿನ ಒಂದು ರಬ್ಬರ್ ತೋಟದಲ್ಲಿ. ತುಮಕೂರು ಕಡೆಯವರಾದ ಅಪ್ಪ ಯುದ್ಧಕ್ಕೆ ಮೊದಲೇ ಅಲ್ಲಿಗೆ ಗುಮಾಸ್ತರಾಗಿ ಹೋಗಿದ್ದರು. ಸುತ್ತಮುತ್ತ ಇದ್ದವರು ತಮಿಳರು, ಚೀನೀಯರು, ಮಲಯರು. ಕನ್ನಡ ಆಡುವವರೆಂದರೆ ಅಪ್ಪ, ಅಮ್ಮ, ನಾನು, ತಂಗಿ ಪದ್ಮಾ, ಇಷ್ಟೇ ಜನ. ಐವತ್ತರ ದಶಕದ ನಡುವೆ, ನನಗೆ ಹತ್ತೊಂಬತ್ತು ತುಂಬಿದಾಗ, ಓದಲು ಬೆಂಗಳೂರಿಗೆ ಕಳಿಸಿದರು. ಪಿನಾಂಗ್ ಬಂದರಿನಲ್ಲಿ ಹಡಗು ಹತ್ತಿಸುವಾಗ ಅಪ್ಪ, "ಯಾಕೋ ಅಳ್ತೀಯ? ನಮ್ಮೂರಿಗೇ ಹೋಗ್ತಾ ಇದೀಯ ಕಣೋ" ಎಂದರು. ಅದು ಅವರ ಊರು. ಅಲ್ಲಿ ನಂಟರೆನ್ನುವವರು ಯಾರೂ ಉಳಿದಿರಲಿಲ್ಲ. ನನ್ನ ಪಾಲಿಗೆ ಬೆಂಗಳೂರೇ ಪರದೇಶ.

ಹಾಸ್ಟೆಲಿನಲ್ಲಿ ಮೊದಲ ದಿನವೇ ನನ್ನ ಮಾತು ಕೇಳಿ ಎಲ್ಲರೂ ನಕ್ಕರು. ನಾನು ಕನ್ನಡ ಕಲಿತದ್ದು ಅಮ್ಮನಿಂದ. ಅಪ್ಪ ಮನೆಯಲ್ಲಿ ಇರುತ್ತಿದ್ದುದೇ ಕಡಿಮೆ. ಹಾಗಾಗಿ ನನ್ನದು ಹೆಂಗಸರ ಕನ್ನಡ. "ಅಯ್ಯೋ ನನ್ನವ್ವಾ" ಎಂದು ನನ್ನ ಬಾಯಿಂದ ಬಂದರೆ ಊಟದ ಮನೆಗೆ ಮನೆಯೇ ನಗುತ್ತಿತ್ತು. ಅವರು ಕೆಟ್ಟವರಲ್ಲ. ಆದರೆ ನಾನು ಮಾತು ಕಡಿಮೆ ಮಾಡಿದೆ. ಮಲಯಾ ಹೇಗಿದೆ, ಮನೆಯಲ್ಲಿ ಯಾರಿದ್ದಾರೆ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಭಾನುವಾರ ಬಂದರೆ ಹಳೆಯ ಸೈಕಲ್ಲೊಂದನ್ನು ಹತ್ತಿ ಊರು ನೋಡಲು ಹೊರಡುತ್ತಿದ್ದೆ. ಲಾಲ್‌ಬಾಗ್ ನೋಡಿದೆ, ಕೆಂಪೇಗೌಡನ ಗೋಪುರಗಳನ್ನು ನೋಡಿದೆ. ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗಿ, ಎಲ್ಲರೂ ಗುಂಪು ಗುಂಪಾಗಿ ತಿನ್ನುತ್ತಿರುವಾಗ ಒಬ್ಬನೇ ಮರದ ಕೆಳಗೆ ನಿಂತು ಸಿಪ್ಪೆ ಸುಲಿದೆ. ದೀಪಾವಳಿಯನ್ನು ಹಾಸ್ಟೆಲಿನ ತಾರಸಿಯಿಂದ ನೋಡಿದೆ. ಆಮೇಲೆ ಜನರಿರುವ ಕಡೆಗೆ ಹೋಗುವುದನ್ನೇ ಬಿಟ್ಟೆ. ರಾಜಾಜಿನಗರ ಆಗಷ್ಟೇ ಏಳುತ್ತಿತ್ತು. ಉದ್ದುದ್ದ ಬೀದಿಗಳು, ಸೈಟಿನ ಕಲ್ಲುಗಳು, ಅಲ್ಲೊಂದು ಇಲ್ಲೊಂದು ಅರ್ಧ ಎದ್ದ ಗೋಡೆ. ಮನೆಗಳಿಲ್ಲದ ಆ ಬೀದಿಗಳಲ್ಲಿ ಒಬ್ಬನೇ ತಿರುಗಿದರೆ ಯಾರೂ ವಿಚಿತ್ರವಾಗಿ ನೋಡುತ್ತಿರಲಿಲ್ಲ. ಮಾಗಡಿ ರಸ್ತೆಯ ಟೋಲ್‌ಗೇಟಿನ ತನಕ ಹೋಗಿ ಹಿಂದಿರುಗುತ್ತಿದ್ದೆ. ಅದರಾಚೆಗೆ ನಾನು ಹೋದವನಲ್ಲ. ಈ ಮಾತನ್ನು ದಯವಿಟ್ಟು ಗಮನದಲ್ಲಿಡಿ.

ಆ ವರ್ಷ ಭಾನುವಾರದ ಮಾರನೆಯ ದಿನವೇ ಸಂಕ್ರಾಂತಿ. ಶನಿವಾರ ಸಂಜೆಗೇ ಹಾಸ್ಟೆಲು ಖಾಲಿಯಾಯಿತು. ಎರಡು ದಿನ ಆ ಖಾಲಿ ಕೋಣೆಗಳ ನಡುವೆ ಇರಲಾರದೆ, ಹಬ್ಬದ ಬೆಳಿಗ್ಗೆ ಸೈಕಲ್ ಹತ್ತಿ, ಟೋಲ್‌ಗೇಟ್ ದಾಟಿ ಮುಂದೆ ಹೋದೆ. ಎರಡೂ ಕಡೆ ಕೊಯ್ಲಾದ ರಾಗಿ ಹೊಲ, ಅವರೆ ಗಿಡ. ಕೆರೆಗಳಲ್ಲಿ ದನ ತೊಳೆಯುತ್ತಿದ್ದರು. ಬ್ಯಾಡರಹಳ್ಳಿಯ ಹತ್ತಿರ ಬಾಯಾರಿಕೆಯಾಗಿ, ರಸ್ತೆಗೆ ಹತ್ತಿರವಿದ್ದ ಒಂದು ಹೆಂಚಿನ ಮನೆಯ ಮುಂದೆ ಇಳಿದೆ. ಜಗಲಿಯ ಮೇಲೆ ಒಬ್ಬ ಮುದುಕಿ ಮೊರದಲ್ಲಿ ಅವರೆಕಾಯಿ ಇಟ್ಟುಕೊಂಡು ಕೂತಿದ್ದಳು. ನೀರು ಕೇಳಲು ನಾನು ಬಾಯಿ ತೆರೆಯುವ ಮೊದಲೇ ಅವಳು ಮೊರ ಬದಿಗಿಟ್ಟು ಎದ್ದಳು.

"ಬಂದ್ಯಾ ನನ್ನಪ್ಪ! ಹಬ್ಬಕ್ಕೆ ಬತ್ತೀನಿ ಅಂದೋನು ಮಾತು ಉಳಿಸ್ಕೊಂಡೆ ನೋಡು. ಲೇ ಮುನಿಯಾ, ಯಾರು ಬಂದವ್ರೆ ನೋಡ್ಲಾ!"

ಹಿತ್ತಲಿನಿಂದ ಅವಳ ಮಗ ಬಂದ. ನಲವತ್ತರ ಹತ್ತಿರದ ಆಳು, ಕೈಗೆಲ್ಲ ಎತ್ತಿನ ಕೋಡಿಗೆ ಬಳಿಯುವ ಬಣ್ಣ. ನನ್ನನ್ನು ನೋಡಿ ಬಾಯಗಲಿಸಿ ನಕ್ಕ. "ಬನ್ನಿ ಸ್ವಾಮಿ. ಆವತ್ತು ನಡ್ಕೊಂಡೇ ಬಂದಿದ್ರಿ, ಇವತ್ತು ಸೈಕಲ್ ಸಿಕ್ತಾ?"

ನಾನು, "ನೀವು ಬೇರೆ ಯಾರನ್ನೋ ಅಂದುಕೊಂಡಿದ್ದೀರಿ, ನಾನು ಈ ಕಡೆ ಬಂದೇ ಇಲ್ಲ" ಎಂದೆ. ಇಬ್ಬರೂ ಜೋರಾಗಿ ನಕ್ಕರು. "ಆವತ್ತೂ ಇಂಗೇ ತಮಾಸೆ ಮಾಡ್ತಿದ್ದ" ಎಂದಳು ಮುದುಕಿ.

ಅಲ್ಲಿಂದ ಹೊರಡಬೇಕಿತ್ತು. ಹೊರಡಲಿಲ್ಲ. ನಿಜ ಹೇಳುತ್ತೇನೆ: ನಾನು ಬಂದೆನೆಂದು ಸಂತೋಷಪಟ್ಟ ಮುಖಗಳನ್ನು ಅದಕ್ಕೆ ಮೊದಲು ಬೆಂಗಳೂರಿನಲ್ಲಿ ಕಂಡಿರಲಿಲ್ಲ. ಯಾರದೋ ಪಾಲಿನ ಸಂತೋಷ, ನನಗೆ ತಪ್ಪಿ ಬಂದಿದೆ, ಒಂದು ಹೊತ್ತು ಇಟ್ಟುಕೊಂಡರೆ ಏನು ಎಂದುಕೊಂಡು ಜಗಲಿಯ ಮೇಲೆ ಕೂತೆ.

ಮುದುಕಿಯ ಹೆಸರು ಕೆಂಪಮ್ಮ. ಸೊಸೆ ಎಳ್ಳುಬೆಲ್ಲ ತಂದುಕೊಟ್ಟಳು, ಬೇಯಿಸಿದ ಗೆಣಸು ಕೊಟ್ಟಳು. ಮಧ್ಯಾಹ್ನಕ್ಕೆ ಮುದ್ದೆ, ಹಿತಕಿದ ಬೇಳೆಯ ಸಾರು, ಸಿಹಿ ಹುಗ್ಗಿ. ನಾನು ಅಮ್ಮನ ಕನ್ನಡದಲ್ಲಿ ಮಾತಾಡಿದೆ, ಅಲ್ಲಿ ಯಾರೂ ನಗಲಿಲ್ಲ. ಊಟದ ನಡುವೆ ಕೆಂಪಮ್ಮ ಸೊಸೆಗೆ, "ಇವರ ಕಡೆ ಮರದ ತೊಗಟೆ ಕುಯ್ದು ಹಾಲು ಇಳಿಸ್ತಾರಂತೆ ಕಣೇ, ಬಟ್ಟಲು ಕಟ್ಟಿ" ಎಂದಳು. ನನ್ನ ಕೈ ನಿಂತಿತು. ಮಲಯಾದಿಂದ ಬೆಂಗಳೂರಿಗೆ ಬಂದ ಇನ್ನೊಬ್ಬ ಹುಡುಗ ಇರಬಹುದು ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಅವಳು ನನ್ನ ಕಡೆ ತಿರುಗಿ, "ಪದ್ದಿ ಕಾಗದ ಬರೆದ್ಲಾ?" ಎಂದಳು.

ನನ್ನ ತಂಗಿಯನ್ನು ಶಾಲೆಯಲ್ಲಿ ಪದ್ಮಾ ಎನ್ನುತ್ತಾರೆ. ಪದ್ದಿ ಎನ್ನುವುದು ನಾವು ಮೂವರು ಮಾತ್ರ.

ಕೆಂಪಮ್ಮ ಮುಂದುವರಿಸಿದಳು. "ಅವ್ವನ ಕಾಲು ಹೆಂಗೈತೆ ಈಗ? ಬಚ್ಚಲಾಗೆ ಜಾರಿ ಬಿದ್ಲು ಅಂದಲ್ಲ."

"ಯಾರು ಹೇಳಿದರು?" ಎಂದೆ. ಅಮ್ಮ ಬಿದ್ದ ಸುದ್ದಿ ನನಗೆ ಬಂದೇ ಇರಲಿಲ್ಲ.

"ನೀನೇ ಕಣಪ್ಪ. ಆ ಮಾತು ಬಂದಾಗ ಮಾತ್ರ ಕಣ್ಣಾಗೆ ನೀರು ತಂದ್ಕಂಡೆ. ಮಿಕ್ಕಿದ್ದಕ್ಕೆಲ್ಲ ನಗ್ತಾನೇ ಇದ್ದೆ."

ಅದು ಯಾವತ್ತು ಎಂದು ಮುನಿಯಪ್ಪನನ್ನು ಕೇಳಿದೆ. "ಮೂರು ಭಾನುವಾರದ ಹಿಂದೆ ಅಲ್ವಾ ಸ್ವಾಮಿ? ನಾವು ಕಣದಲ್ಲಿದ್ವಿ. ಮಧ್ಯಾಹ್ನ ಬಂದು, ಹೊತ್ತು ಮುಳುಗೋವರೆಗೂ ಇದ್ರಿ" ಎಂದ.

ಸಂಜೆ ಊರಿನವರು ಹುಲ್ಲಿಗೆ ಕಿಚ್ಚು ಹಚ್ಚಿ ದನಗಳನ್ನು ಹಾಯಿಸುವುದನ್ನು ನೋಡಿಕೊಂಡು ಹೋಗಿ ಎಂದು ಎಲ್ಲರೂ ತಡೆದರು. ನಾನು ನಿಲ್ಲಲಿಲ್ಲ. ಬಿಸಿಲಿರುವಾಗಲೇ ಹಾಸ್ಟೆಲಿಗೆ ಬಂದು, ಅಮ್ಮನ ಕಾಲಿಗೆ ಏನಾಗಿದೆ ಎಂದು ಅಪ್ಪನಿಗೆ ಏರ್‌ಮೇಲಿನಲ್ಲಿ ಕಾಗದ ಬರೆದೆ.

ಉತ್ತರಕ್ಕೆ ಕಾಯುವಾಗ ನನಗೆ ತಿಳಿದ ಮಟ್ಟಿಗೆ ವಿಚಾರಿಸಿದೆ. ಮಲಯಾದಿಂದ ಬಂದ ಬೇರೆ ವಿದ್ಯಾರ್ಥಿ ನಮ್ಮ ಕಾಲೇಜಿನಲ್ಲಿ ಇರಲಿಲ್ಲ. ಇನ್ನು ನಾನೇ ಹೋಗಿ ಮರೆತಿದ್ದೆನೇ? ಆ ಮೂರನೆಯ ಭಾನುವಾರ ನನಗೆ ನೆನಪಿತ್ತು. ಜ್ವರ ಬಂದು ಇಡೀ ದಿನ ಕೋಣೆಯಲ್ಲಿ ಮಲಗಿದ್ದೆ. ಜ್ವರದಲ್ಲಿ ಎದ್ದು ಹೋಗಿರಬಹುದೇ ಎಂಬ ಅನುಮಾನ ಬಂದು ಅಡುಗೆಯ ಭಟ್ಟರನ್ನು ಕೇಳಿದೆ. "ಒಂದು ಗಂಟೆಗೆ ಗಂಜಿ ತಂದವನು ನಾನೇ, ನಾಲ್ಕಕ್ಕೆ ಕಾಫಿ ತಂದವನೂ ನಾನೇ. ಮೈ ಕೆಂಡವಾಗಿತ್ತು, ಅಮ್ಮಾ ಅಮ್ಮಾ ಅಂತಿದ್ರಿ. ಎದ್ದು ಹೋಗೋ ಸ್ಥಿತಿನಾ ಅದು?" ಎಂದರು.

ಅಪ್ಪನ ಉತ್ತರ ಹದಿನೆಂಟನೆಯ ದಿನ ಬಂತು. "ನಿನಗೆ ಯಾರು ಬರೆದರು? ಪರೀಕ್ಷೆ ಮುಗಿಯುವವರೆಗೆ ತಿಳಿಸಬಾರದೆಂದು ನಿನ್ನಮ್ಮ ಆಣೆ ಹಾಕಿಸಿದ್ದಳು" ಎಂದು ಶುರುವಾಗಿತ್ತು. ಬಚ್ಚಲಿನಲ್ಲಿ ಜಾರಿ ಕಾಲಿನ ಮೂಳೆ ಮುರಿದಿತ್ತು, ಈಗ ಗುಣವಾಗುತ್ತಿದೆ. ಬಿದ್ದದ್ದು ಅದೇ ಭಾನುವಾರ, ಬೆಳಿಗ್ಗೆ. ಅವಳು ಈಪೋದಲ್ಲಿ ಬಿದ್ದ ದಿನವೇ ಮಧ್ಯಾಹ್ನ, ಅದಕ್ಕಾಗಿ ಬ್ಯಾಡರಹಳ್ಳಿಯಲ್ಲಿ ಯಾರೋ ಕಣ್ಣೀರು ಹಾಕಿದ್ದ.

ಮುಂದಿನ ಭಾನುವಾರ ಕೆಂಪಮ್ಮನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ಇನ್ನು ಮೇಲೆ ಆ ಮನೆಗೆ ಸೇರಿಸುವುದಿಲ್ಲವೇನೋ ಎಂಬ ಭಯ ನನಗೆ. ಅವಳು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು.

"ಮುಖ ಇದೇಯ" ಎಂದಳು. ಆಮೇಲೆ ಏನೋ ಹೊಳೆದವಳಂತೆ, "ಆದ್ರೆ ಒಂದು ಮಾತು. ಆವತ್ತು ಬಂದೋನು ಏನೂ ಮುಟ್ಟಲಿಲ್ಲ. ಮಜ್ಜಿಗೆ ಕೊಟ್ರೂ ಬ್ಯಾಡ ಅಂದ. ಉಣ್ಣೋಕೆ ಹಬ್ಬಕ್ಕೆ ಬತ್ತೀನಿ, ಆವತ್ತು ಹೊಟ್ಟೆ ತುಂಬ ಇಕ್ಕು ಅಂದ" ಎಂದಳು. ಒಳಗೆ ಹೋಗಿ ತಟ್ಟೆ ತಂದು ನನ್ನ ಮುಂದೆ ಇಟ್ಟಳು. ಅಷ್ಟೇ. ಆ ವಿಷಯ ಮತ್ತೆ ಎತ್ತಲಿಲ್ಲ.

ಓದು ಮುಗಿಯುವವರೆಗೆ ಭಾನುವಾರಗಳನ್ನು ಆ ಮನೆಯಲ್ಲಿ ಕಳೆದೆ. ಕಿಚ್ಚು ಹಾಯಿಸುವುದನ್ನು ಮುನಿಯಪ್ಪನ ಪಕ್ಕದಲ್ಲಿ ನಿಂತು ನೋಡಿದೆ, ಯುಗಾದಿಗೆ ಅವನ ಜೊತೆ ಎಣ್ಣೆ ಹಚ್ಚಿಕೊಂಡೆ. ಕಡೆಯ ದಿನ ಕೆಂಪಮ್ಮ ರಸ್ತೆಯ ತನಕ ಬಂದಳು. ನಾನು ಅಳುತ್ತಿದ್ದೆ. ಅವಳು ಅಳಲಿಲ್ಲ.

"ನೀನು ಹೋಗಪ್ಪ, ನಿಮ್ಮವ್ವ ಕಾಯ್ತಾವ್ಳೆ. ಆ ಇನ್ನೊಬ್ಬ ಬಂದ್ರೂ ಬರಬೌದು" ಎಂದಳು.

ನಾನು ಈಪೋಗೆ ಹಿಂದಿರುಗಿ, ಅಲ್ಲೇ ಕೆಲಸ ಹಿಡಿದು, ಅಲ್ಲೇ ಉಳಿದೆ. ಮುನಿಯಪ್ಪ ಯಾರಿಂದಲೋ ಬರೆಸಿದ ಎರಡು ಕಾಗದ ಬಂದವು. ಮಳೆ, ಬೆಳೆ, ತಾಯಿಯ ಕಣ್ಣು ಮಂಜಾಗುತ್ತಿರುವುದು, ಇಂಥ ಸುದ್ದಿ. ಎರಡಕ್ಕೂ ಉತ್ತರ ಬರೆಯುವಾಗ, ಅವನು ಮತ್ತೆ ಬಂದಿದ್ದನೇ ಎಂಬ ಒಂದು ಸಾಲನ್ನು ಬರೆದು ಹೊಡೆದುಹಾಕಿದೆ. ಬಂದಿಲ್ಲ ಎಂದು ಉತ್ತರ ಬಂದರೂ, ಬಂದಿದ್ದ ಎಂದು ಬಂದರೂ, ಅದನ್ನು ಓದುವ ಧೈರ್ಯ ನನಗಿರಲಿಲ್ಲ. ಇವತ್ತಿಗೂ ಇಲ್ಲ.